ಇಲ್ಲದ ಹಲ್ಲು

ಶಹಾಬಾದಿನಲ್ಲಿ ಏಪ್ರಿಲ್ ಎಂದರೆ ಏನೆಂದು
ಫರ್ಸಿಯ ಮೇಲೆ ಬರಿಗಾಲಿಟ್ಟವರಿಗೆ ಗೊತ್ತು.
ಖಣಿಗೆ ನೀರು ಹೊರುವ ಮಾಣಿಕಪ್ಪನ ಫಾರ್ಗೋ
ಮಧ್ಯಾಹ್ನ ಒಂದಾಯಿತೆಂದರೆ ನಡುದಾರಿಯಲ್ಲಿ ನಿಲ್ಲುತ್ತಿತ್ತು,
ಪೆಟ್ರೋಲು ಪೈಪಿನೊಳಗೇ ಹಬೆಯಾಗಿ.
ಆತ ಇಳಿದು, ಬಾನೆಟ್ ಎತ್ತಿ,
ಗೋಣಿತಟ್ಟು ನೆನೆಸಿ ಪಂಪಿಗೆ ಹೊದಿಸಿ
ಜ್ವರ ಬಂದ ಕೂಸಿನ ಮಗ್ಗುಲಿಗೆ ಕೂತಂತೆ ಕೂರುತ್ತಿದ್ದ.
ಹಿಂದೆ ಮೂರು ಸಾವಿರ ಲೀಟರು ನೀರು
ಸದ್ದಿಲ್ಲದೆ ಕಾಯುತ್ತಿತ್ತು.

"ಡೀಸೆಲ್ ಇಂಜಿನ್ ಕೂಡಿಸು ಅಂತಾರ ಎಲ್ಲಾರೂ.
ಎದಿ ತೆಗೆದು ಬ್ಯಾರೇದವರ ಎದಿ ಹಾಕಿದ್ರ
ಅದು ನನ್ನ ಗಾಡಿ ಹೆಂಗ ಆಗ್ತದ?"
ಹೀಗೆ ಬಂತು ಅದು ನಮ್ಮ ಗ್ಯಾರೇಜಿಗೆ.

ನಮ್ಮದು ಅಂದರೆ ಲಾಡ್ಲೇಸಾಬ ಮಿಸ್ತ್ರಿಯದು.
ನಾನು ಡಿಪ್ಲೊಮಾ ಮುಗಿಸಿ
ಆರು ತಿಂಗಳು ಕಲಿತು ಹೋಗುತ್ತೇನೆಂದು ಬಂದವಳು.
ಮೂರು ವರ್ಷವಾಯಿತು.

ಕಾರ್ಬುರೇಟರ್ ಬಿಚ್ಚಿದ್ದು ಮಾಮನೇ.
ಯಾರಿಗೂ ಕೈ ಹಚ್ಚಗೊಡಲಿಲ್ಲ.
ನಾಲ್ಕು ನಟ್ಟು, ಒಂದು ಸ್ಪ್ರಿಂಗು, ಚೋಕಿನ ತಂತಿ.
ಜೆಟ್ಟನ್ನು ತೆಗೆದು ಬಾಯಿಗಿಟ್ಟು ಊದಿದ,
ಇನ್ನು ಯಾರಿಗೂ ಬೇಕಿಲ್ಲದ ಜೆಟ್ಟನ್ನು,
ಬೆಳಕಿಗೆ ಹಿಡಿದು ತೂತು ನೋಡಿ, ಅಂಗಿಗೆ ಒರೆಸಿ, ಜೇಬಿಗಿಟ್ಟ.
ನಲವತ್ತು ವರ್ಷದಲ್ಲಿ ಎಷ್ಟು ಪೆಟ್ರೋಲು ನುಂಗಿದ್ದಾನೋ,
ಅವನು ಬೀಡಿ ಹಚ್ಚುವಾಗ
ನಾವೆಲ್ಲ ತುಸು ದೂರ ಸರಿಯುತ್ತೇವೆ.

ಇಂಜೆಕ್ಟರುಗಳನ್ನು ಗುಜರಿಯಿಂದ ತಂದೆ.
ನಾಲ್ಕು ಒಂದು ಕಾರಿನವು, ಎರಡು ಇನ್ನೊಂದರವು;
ಆ ಇನ್ನೊಂದು ಜೇವರ್ಗಿ ರೋಡಿನಲ್ಲಿ ಉರುಳಿದ್ದು,
ಅದರ ಮಾತು ನಾವು ಆಡಲಿಲ್ಲ.
ಪಕ್ಕದ ಹೋಟೆಲಿನ ಆರು ಚಾ ಗ್ಲಾಸು ಸಾಲಾಗಿಟ್ಟು
ಒಂದೊಂದರ ಮೇಲೂ ಒಂದೊಂದು ಹಿಡಿದು
ಒಂದು ನಿಮಿಷ ಉಗುಳಿಸಿದೆ.
ಅಳತೆಪಟ್ಟಿ ಇಟ್ಟು ನೋಡಿದೆ, ಆರರಲ್ಲೂ ಒಂದೇ ಮಟ್ಟ.
ಹೋಟೆಲಿನ ಹುಡುಗ ಬಂದು ಬಗ್ಗಿ ಮೂಸಿ,
ಗ್ಲಾಸು ವಾಪಸ್ ಬ್ಯಾಡ್ರಿ ನಮಗ, ಅಂದ.

ಆಮೇಲೆ ಚಕ್ರ. ಕ್ರ್ಯಾಂಕಿನ ಮೂತಿಗೆ ಕೂಡಿಸಬೇಕಾದ
ಮೂವತ್ತಾರು ಹಲ್ಲಿನ ಚಕ್ರ.
"ಲೇತಿನ ಮಡಿವಾಳಪ್ಪ ಮೋಸ ಮಾಡ್ಯಾನ, ಪೋರಿ.
ಒಂದು ಕಮ್ಮಿ ಅದ, ಎಣಿಸು."
ಅಲ್ಲ ಮಾಮಾ, ಬೇಕಂತಲೇ ಕೊಯ್ಸೀನಿ, ಅಂದೆ.
ಉಳಿದ ಹಲ್ಲುಗಳೆಲ್ಲ ಸೆನ್ಸರಿನ ಮುಂದೆ
ಒಂದೇ ಮುಖ ಹೊತ್ತು ಹಾದುಹೋಗುತ್ತವೆ.
ಆ ಖಾಲಿ ಬಂದಾಗಲೇ ಇಂಜಿನ್ನಿಗೆ ತಿಳಿಯುವುದು
ಸುತ್ತಿನ ಯಾವ ಜಾಗದಲ್ಲಿ ತಾನಿದ್ದೇನೆಂದು.
ಮಾಮ ಬಾಯೊಳಗೆ ನಾಲಿಗೆ ಆಡಿಸಿದ,
ಮೇಲಿನ ಸಾಲು, ಎಡಕ್ಕೆ.
ಜಾಕು ಜಾರಿದ ವರ್ಷ ಹೋದದ್ದು ಅದು.
ಏನೂ ಅನ್ನಲಿಲ್ಲ.
ಚಕ್ರವನ್ನು ಬೋಲ್ಟಿಗೆ ತಾನೇ ಬಿಗಿದ.

ಟ್ಯಾಂಕಿನೊಳಗೆ ಪಂಪು, ಮಿಕ್ಕಿದ್ದು ಮನೆಗೆ ಮರಳಲು
ಇನ್ನೊಂದು ಪೈಪು, ಸೈಲೆನ್ಸರಿನ ಕುತ್ತಿಗೆಗೆ ಬೆಸುಗೆ ಹಾಕಿ
ಹೊಗೆ ಮೂಸುವ ಒಂದು ಮೂಗು.
ಹನ್ನೊಂದನೆಯ ದಿನ, ಮಟಮಟ ಮಧ್ಯಾಹ್ನವೇ ಆಗಲೆಂದು ಕಾದು,
ಮಾಣಿಕಪ್ಪ ಒಂದು ಕೈಯಲ್ಲಿ ಕೀಲಿ ತಿರುವಿದ,
ಇನ್ನೊಂದರಲ್ಲಿ ಚೋಕು ಎಳೆದ.
ತಂತಿಯಿಲ್ಲದ ಗುಂಡಿ ಕೈಗೇ ಬಂತು.
ಅದನ್ನೇ ನೋಡುತ್ತ ಕೂತುಬಿಟ್ಟ,
ಇಂಜಿನ್ ಆಗಲೇ ಓಡುತ್ತಿದ್ದುದು
ಅವನಿಗೆ ಹೊಳೆದದ್ದು ಎಷ್ಟೋ ಹೊತ್ತಿಗೆ.

ಲ್ಯಾಪ್‌ಟಾಪಿನಲ್ಲಿ ಅಂಕಿಗಳು ನೆಟ್ಟಗಿದ್ದವು.
ಮಾಮ ಉದ್ದನೆಯ ಸ್ಕ್ರೂಡ್ರೈವರ್ ತಂದ.
ತುದಿ ಇಂಜೆಕ್ಟರಿನ ಮೇಲೆ, ಹಿಡಿಕೆ ಕಿವಿಗೆ.
ಬಲಗಿವಿಗೆ. ಅದು ಹೋಗಿ ಎರಡು ವರ್ಷ,
ನಮಗೆ ಗೊತ್ತೆಂದು ಅವನಿಗೆ ಗೊತ್ತಿಲ್ಲ.
ಒಂದು ಕೇಳಿದ. ಎರಡು. ಮೂರರಲ್ಲಿ ನಿಂತ.
"ಇದು ಕಮ್ಮಿ ಕುಡೀಲತ್ತದ."

ಇಂಜಿನ್ ಆರಿಸಿ, ಮೂರನೆಯದನ್ನು ಬಿಚ್ಚಿ,
ಮತ್ತೆ ಗ್ಲಾಸಿಗೆ ಹಿಡಿದೆ.
ಕೂದಲೆಳೆಯಷ್ಟೂ ಕಮ್ಮಿಯಿರಲಿಲ್ಲ.
ಒರೆಸಿ, ರಬ್ಬರಿನ ಉಂಗುರ ಹೊಸದು ಹಾಕಿ,
ಅದನ್ನೇ ಅಲ್ಲೇ ಕೂಡಿಸಿದೆ.
ಮಾಮ ಮತ್ತೆ ಕಿವಿಗೊಟ್ಟ. ಬಹಳ ಹೊತ್ತು.
"ಈಗ ನೋಡು. ಈಗ ಸರಿ ಆತು."

ಹೌದು ಮಾಮಾ, ಈಗ ಸರಿ ಆತು, ಅಂದೆ,
ಎಡಗಿವಿಯ ಕಡೆಗೆ ಬಂದು ನಿಂತು,
ತುಸು ಜೋರಾಗಿ.